ಟೀ ಮೇಲಿನ ಮೊದಲ ಹೊಡೆತ: ದೂರವೋ, ನೇರವೋ?

ಕೇಳುಗರಿಗೆ ನಮಸ್ಕಾರ.

ಇವತ್ತು ಗಾಲ್ಫ್ ಬಗ್ಗೆ ಮಾತಾಡೋಣ. ಅದರಲ್ಲೂ ಒಂದೇ ಒಂದು ಹೊಡೆತದ ಬಗ್ಗೆ. ಟೀ ಅನ್ನುವ ಪುಟ್ಟ ಗೂಟದ ಮೇಲೆ ಚೆಂಡಿಟ್ಟು, ಚೀಲದಿಂದ ಡ್ರೈವರ್ ಅನ್ನುವ ಉದ್ದನೆಯ ಕ್ಲಬ್, ಅಂದರೆ ಕೋಲು, ತೆಗೆದು ಹೊಡೆಯುತ್ತೇವಲ್ಲ, ಆ ಮೊದಲ ಹೊಡೆತ. ಅದನ್ನು ಹೊಡೆಯುವ ಜಾಗಕ್ಕೂ ಟೀ ಅಂತಲೇ ಹೆಸರು.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ವಿಂಗ್ಡ್ ಫುಟ್ ಅನ್ನುವ ಗಾಲ್ಫ್ ಕೋರ್ಸ್ ಇದೆ. 2006ರ ಯುಎಸ್ ಓಪನ್ ಪಂದ್ಯಾವಳಿ ಅಲ್ಲಿ ನಡೆಯಿತು. ಕೊನೆಯ ದಿನದ ಕೊನೆಯ ಹೋಲ್, ಅಂದರೆ ಟೀಯಿಂದ ಗುಳಿಯವರೆಗಿನ ಕೊನೆಯ ಹಂತ. ಅಮೆರಿಕದ ಆಟಗಾರ ಫಿಲ್ ಮಿಕಲ್ಸನ್ ಒಂದು ಹೊಡೆತ ಮುಂದಿದ್ದರು, ಅಂದರೆ ಉಳಿದವರಿಗಿಂತ ಒಂದು ಹೊಡೆತ ಕಡಿಮೆ ಹೊಡೆದಿದ್ದರು. ಪಾರ್ ಮಾಡಿದರೆ, ಅಂದರೆ ಆ ಹೋಲ್‌ಗೆ ಗೊತ್ತುಮಾಡಿದಷ್ಟೇ ಹೊಡೆತಗಳಲ್ಲಿ ಮುಗಿಸಿದರೆ ಸಾಕು, ಗೆಲುವು ಅವರದೇ. ಆದರೆ ಆ ದಿನ ಅವರ ಡ್ರೈವ್ ಮಾತು ಕೇಳುತ್ತಿರಲಿಲ್ಲ. ಹೋಲ್‌ನ ನಡುವೆ ಹುಲ್ಲು ಗಿಡ್ಡವಾಗಿ ಕತ್ತರಿಸಿದ ಪಟ್ಟಿಗೆ ಫೇರ್‌ವೇ ಅನ್ನುತ್ತಾರೆ; ಇಡೀ ಸುತ್ತಿನ 14 ಫೇರ್‌ವೇಗಳಲ್ಲಿ ಅವರಿಗೆ ಸಿಕ್ಕಿದ್ದು ಎರಡೇ. ಆದರೂ ಕೊನೆಯ ಟೀ ಮೇಲೆ ಡ್ರೈವರನ್ನೇ ತೆಗೆದರು. ಚೆಂಡು ಎಡಕ್ಕೆ ಹಾರಿ ಅತಿಥಿಗಳ ಡೇರೆಗೆ ಬಡಿಯಿತು. ಎರಡನೇ ಹೊಡೆತ ಮರಕ್ಕೆ ತಗುಲಿತು. ಡಬಲ್ ಬೋಗಿ, ಅಂದರೆ ಪಾರ್‌ಗಿಂತ ಎರಡು ಹೊಡೆತ ಜಾಸ್ತಿ ಆಯಿತು. ಕಪ್ ಜೆಫ್ ಒಗಿಲ್ವಿ ಅವರ ಪಾಲಾಯಿತು.

ನೋಡಿದಿರಾ, ನೇರವಾಗಿ ಹೊಡೆಯಬೇಕು ಅಂತ ಇದಕ್ಕೇ ಹೇಳೋದು, ಅನ್ನಬಹುದು ನೀವು. ಸ್ವಲ್ಪ ತಾಳಿ.

ಹದಿನಾಲ್ಕು ವರ್ಷ ಕಳೆಯಿತು. 2020ರಲ್ಲಿ ಯುಎಸ್ ಓಪನ್ ಅದೇ ವಿಂಗ್ಡ್ ಫುಟ್‌ಗೆ ಮರಳಿ ಬಂತು. ಬ್ರೈಸನ್ ಡಿಶಾಂಬೊ ಅನ್ನುವ ಆಟಗಾರ ನಾಲ್ಕು ದಿನವೂ ಬಲ ಹಾಕಿ ಹೊಡೆದರು. 56 ಫೇರ್‌ವೇಗಳಲ್ಲಿ ಅವರ ಚೆಂಡು ನಿಂತದ್ದು 23ರಲ್ಲಿ ಮಾತ್ರ. ಅಂದರೆ ಅರ್ಧಕ್ಕಿಂತ ಕಡಿಮೆ. ಆದರೂ ಅವರು ಆರು ಹೊಡೆತಗಳ ಅಂತರದಿಂದ ಗೆದ್ದರು. ಆ ವಾರ ಪಾರ್‌ಗಿಂತ ಕಡಿಮೆಗೆ ಮುಗಿಸಿದವರು ಅವರೊಬ್ಬರೇ.

ಅದೇ ಕೋರ್ಸ್, ಅದೇ ಡ್ರೈವರ್. ಒಬ್ಬರನ್ನು ಮುಳುಗಿಸಿತು, ಇನ್ನೊಬ್ಬರನ್ನು ತೇಲಿಸಿತು. ಯಾರ ಸಾಕ್ಷಿ ನಂಬೋಣ?

ನಾನು ಬಹಳ ದಿನ ಇದನ್ನೇ ಯೋಚಿಸಿದ್ದೇನೆ. ಇಬ್ಬರೂ ಫೇರ್‌ವೇ ತಪ್ಪಿಸಿಕೊಂಡವರೇ. ವ್ಯತ್ಯಾಸ ಇದ್ದದ್ದು ತಪ್ಪಿದ ಚೆಂಡು ಎಲ್ಲಿ ಹೋಗಿ ಕೂತಿತು ಅನ್ನುವುದರಲ್ಲಿ. ಡಿಶಾಂಬೊ ಅವರ ಚೆಂಡು ಉದ್ದ ಹುಲ್ಲಿನಲ್ಲಿತ್ತು, ನಿಜ. ಆದರೆ ಗುಳಿ ಇರುವ ನುಣುಪು ಹುಲ್ಲಿನ ಗ್ರೀನ್ ಹತ್ತಿರವಿತ್ತು, ಸಣ್ಣ ಐರನ್, ಅಂದರೆ ಚಪ್ಪಟೆ ಲೋಹದ ತಲೆಯ ಗಿಡ್ಡ ಕ್ಲಬ್, ಹಿಡಿದು ಹೊಡೆಯಲು ಜಾಗವಿತ್ತು. ಮಿಕಲ್ಸನ್ ಅವರ ಮುಂದೆ ಮರಗಳಿದ್ದವು. ಆಗಲೂ ಅವರು ಚೆಂಡನ್ನು ಸುಮ್ನೆ ಪಕ್ಕಕ್ಕೆ ತೆಗೆಯದೆ ಗ್ರೀನ್ ಕಡೆಗೇ ಹೊಡೆದರು.

ಅವರೆಲ್ಲ ದೊಡ್ಡ ಆಟಗಾರರು. ನಮ್ಮ ವಿಷಯಕ್ಕೆ ಬರೋಣ. ವಾರಕ್ಕೊಮ್ಮೆ ಆಡುವವರು, ತೊಂಬತ್ತೋ ನೂರೋ ಹೊಡೆತಕ್ಕೆ ಸುತ್ತು ಮುಗಿಸುವವರು ನಾವು. 2019ರಲ್ಲಿ ಬ್ರಿಟನ್ನಿನ ಹವ್ಯಾಸಿ ಗಂಡಸರ ಸರಾಸರಿ ಡ್ರೈವ್ ಸುಮಾರು 216 ಗಜ ಇತ್ತು. ಟಿವಿಯಲ್ಲಿ ಮುನ್ನೂರು ಗಜ ನೋಡಿ ನೋಡಿ ನಮಗೆ ಈ ಸಂಖ್ಯೆ ಸಣ್ಣದು ಅನಿಸುತ್ತದೆ. ನಿಜವಾದ ಆಟ ಇರುವುದು ಅಲ್ಲೇ.

ಒಂದು ಹೋಲ್ ಕಲ್ಪಿಸಿಕೊಳ್ಳಿ. ಪಾರ್ ನಾಲ್ಕು, ಉದ್ದ 380 ಗಜ. ಒಬ್ಬರು ಹುಷಾರಾಗಿ 200 ಗಜ ಹೊಡೆದರು. ಚೆಂಡು ಫೇರ್‌ವೇ ನಡುವೆ ಇದೆ. ಇನ್ನೂ 180 ಗಜ ಬಾಕಿ. ಇನ್ನೊಬ್ಬರು 225 ಗಜ ಹೊಡೆದರು. ಚೆಂಡು ರಫ್‌ನಲ್ಲಿ, ಅಂದರೆ ಬದಿಯ ಉದ್ದ ಹುಲ್ಲಿನಲ್ಲಿದೆ, ಬಾಕಿ 155 ಗಜ. ಯಾರ ಜಾಗ ಒಳ್ಳೆಯದು? ನೋಡಲು ಮೊದಲನೆಯದೇ ಚೆಂದ. ಆದರೆ 180 ಗಜಕ್ಕೆ ಕೈಗೆ ಬರುವುದು ದೂರ ಹೊಡೆಯುವ ಉದ್ದನೆಯ ಕ್ಲಬ್‌ಗಳಾದ ವುಡ್ಡೋ ಹೈಬ್ರಿಡ್ಡೋ. ಅದನ್ನು ಹಿಡಿದು ಹತ್ತು ಸಲ ಹೊಡೆದರೆ ಎಷ್ಟು ಸಲ ಗ್ರೀನ್ ಮೇಲೆ ನಿಲ್ಲುತ್ತದೆ? ಪ್ರಾಮಾಣಿಕವಾಗಿ ಹೇಳಿ. 155 ಗಜಕ್ಕೆ ಐರನ್ ಸಾಕು. ಹುಲ್ಲು ವಿಪರೀತ ಉದ್ದ ಇಲ್ಲದಿದ್ದರೆ ನಮ್ಮಂಥವರಿಗೆ ಆ ಎರಡನೇ ಜಾಗವೇ ಮೇಲು.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ಸಾವಿರಾರು ಹೊಡೆತಗಳ ಲೆಕ್ಕ ಇಟ್ಟು, ಪ್ರತಿ ಹೊಡೆತಕ್ಕೂ ಬೆಲೆ ಕಟ್ಟುವ ಒಂದು ವಿಧಾನ ಮಾಡಿದರು. 'ಸ್ಟ್ರೋಕ್ಸ್ ಗೇನ್ಡ್' ಅಂತ ಅದರ ಹೆಸರು. 2011ರಲ್ಲಿ ಅಮೆರಿಕದ ವೃತ್ತಿಪರರ ಪಿಜಿಎ ಟೂರ್ ಕೂಡ ಅದನ್ನು ಮೊದಲು ಪಟ್‌ಗಳಿಗೆ, ಅಂದರೆ ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತಗಳಿಗೆ, ಬಳಸಲು ಶುರು ಮಾಡಿತು. ಒಳ್ಳೆಯ ಆಟಗಾರರಿಗೂ ಸಾಧಾರಣ ಆಟಗಾರರಿಗೂ ಇರುವ ಅಂತರದಲ್ಲಿ ಸುಮಾರು ಮೂರನೇ ಎರಡು ಭಾಗ ಹುಟ್ಟುವುದು 100 ಗಜಕ್ಕಿಂತ ದೂರದ ಹೊಡೆತಗಳಲ್ಲಿ ಅನ್ನುವುದು ಅವರ ಲೆಕ್ಕ. 'ಡ್ರೈವ್ ನೋಡೋಕೆ, ಪಟ್ ದುಡ್ಡಿಗೆ' ಅನ್ನುವ ಗಾಲ್ಫಿನ ಹಳೇ ಮಾತನ್ನು ಅದು ಅಲ್ಲಾಡಿಸಿತು. ಇನ್ನೂ ಒಂದು ವಿಷಯ ಅವರ ಲೆಕ್ಕದಿಂದ ತಿಳಿಯಿತು. ಅಷ್ಟೇ ಗಜ ಜಾಸ್ತಿ ಸಿಕ್ಕರೆ, ವೃತ್ತಿಪರರಿಗಿಂತ ನಮ್ಮಂಥವರಿಗೆ ಆಗುವ ಲಾಭ ದೊಡ್ಡದು.

ಹಾಗಾದರೆ ಕಣ್ಣುಮುಚ್ಚಿ ಹೊಡೆಯೋದಾ? ಅಲ್ಲ. ಈ ಲಾಭವನ್ನೆಲ್ಲ ಒಂದೇ ಏಟಿಗೆ ನುಂಗುವ ಒಂದು ವಸ್ತು ಇದೆ. ಬಿಳಿ ಕಂಬ.

ಬಿಳಿ ಕಂಬದ ಆಚೆ ಹೋದರೆ ಔಟ್ ಆಫ್ ಬೌಂಡ್ಸ್, ಅಂದರೆ ಆಟದ ಗಡಿ ದಾಟಿದ ಹಾಗೆ. ಒಂದು ಹೊಡೆತ ದಂಡ, ಜೊತೆಗೆ ಮತ್ತೆ ಟೀಗೇ ವಾಪಸ್. ಅಂದರೆ ಮುಂದೆ ಹೊಡೆಯುವುದು ಮೂರನೇ ಹೊಡೆತ. ಕಳೆದುಹೋದ ಚೆಂಡಿಗೂ ಇದೇ ನಿಯಮ. ಹುಡುಕಲು ಮೂರು ನಿಮಿಷ ಮಾತ್ರ. 2019ಕ್ಕೆ ಮುಂಚೆ ಐದು ನಿಮಿಷ ಇತ್ತು. ಲೆಕ್ಕ ಹಾಕಿ. ರಫ್‌ನಲ್ಲಿ ಬಿದ್ದ ಚೆಂಡು ಹೊಡೆತದ ಒಂದು ಚೂರನ್ನು ಕಸಿಯುತ್ತದೆ. ಮರಗಳ ನಡುವೆ ಸಿಕ್ಕಿಕೊಂಡರೆ ಹೆಚ್ಚುಕಡಿಮೆ ಒಂದು ಹೊಡೆತ. ಕೆಂಪು ಕಂಬದ ನೀರಿಗೆ ಬಿದ್ದರೆ ಒಂದು ದಂಡ, ಆದರೆ ಚೆಂಡು ಒಳಹೊಕ್ಕ ಜಾಗದ ಹತ್ತಿರದಿಂದ ಆಡಬಹುದು. ಬಿಳಿ ಕಂಬದ ಆಚೆಗೆ ಪೂರ್ತಿ ಎರಡು. ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ 14 ಸಲ ಡ್ರೈವ್ ಹೊಡೆಯುತ್ತೇವೆ. ಹನ್ನೆರಡು ಡ್ರೈವ್‌ಗಳಲ್ಲಿ ಚೂರು ಚೂರಾಗಿ ಕೂಡಿಸಿದ್ದನ್ನು ಎರಡು ಬಿಳಿ ಕಂಬಗಳು ಬಾಚಿಕೊಂಡು ಹೋಗುತ್ತವೆ.

ಅದಕ್ಕೇ ನಾನು ಫೇರ್‌ವೇ ಎಣಿಸುವುದನ್ನೇ ಬಿಟ್ಟೆ. ಚೆಂಡು ಆಟದಲ್ಲಿ ಉಳಿಯಿತೇ, ಮುಂದೆ ಗ್ರೀನ್ ಕಡೆಗೆ ಹೊಡೆಯಲು ದಾರಿ ಇದೆಯೇ? ಅಷ್ಟನ್ನೇ ನೋಡುತ್ತೇನೆ.

ಇಲ್ಲಿ ಒಂದು ಸಣ್ಣ ಗಣಿತ ಹೇಳಬೇಕು. ನನಗೆ ಅದು ಕಣ್ಣು ತೆರೆಸಿತು. ಗುರಿಯಿಂದ ಒಂದು ಡಿಗ್ರಿ ತಪ್ಪಿದರೆ 200 ಗಜದಲ್ಲಿ ಚೆಂಡು ಮೂರೂವರೆ ಗಜ ಪಕ್ಕಕ್ಕೆ ಹೋಗುತ್ತದೆ. ಏಳು ಡಿಗ್ರಿ ತಪ್ಪಿದರೆ ಸುಮಾರು 25 ಗಜ. ಅದೇ ಏಳು ಡಿಗ್ರಿಯ ತಪ್ಪಿನ ಜೊತೆ 225 ಗಜ ಹೊಡೆದರೆ? ಪಕ್ಕಕ್ಕೆ ಸುಮಾರು 28 ಗಜ. ಗಮನಿಸಿ, ಮುಂದಕ್ಕೆ 25 ಗಜ ಸಿಕ್ಕಿತು, ಪಕ್ಕಕ್ಕೆ ಹೆಚ್ಚಾದದ್ದು ಮೂರೇ ಗಜ. ನಿಧಾನ ಹೊಡೆದು ಆ ಮೂರು ಗಜ ಉಳಿಸಲು 25 ಗಜ ಬಿಟ್ಟುಕೊಡುವುದು ನನಗಂತೂ ದುಬಾರಿ ವ್ಯಾಪಾರ ಅನಿಸುತ್ತದೆ.

ಎರಡೂ ಕಡೆ 28 ಗಜ ಅಂದರೆ ನಮ್ಮ ಚೆಂಡುಗಳು ಬೀಳುವ ಹರವು 55 ಗಜದ ಮೇಲಾಯಿತು. ಫೇರ್‌ವೇ ಅಗಲ 35 ಗಜ ಅಂತ ಇಟ್ಟುಕೊಳ್ಳಿ. ಅಂದಮೇಲೆ ಫೇರ್‌ವೇ ತಪ್ಪುವುದು ಯಾರ ದೋಷವೂ ಅಲ್ಲ, ಅದು ಲೆಕ್ಕದಲ್ಲೇ ಇದೆ. ನಾವು ಮಾಡಬಹುದಾದದ್ದು ಆ ಹರವನ್ನು ಎಲ್ಲಿ ಹಾಸಬೇಕು ಅಂತ ತೀರ್ಮಾನಿಸುವುದು. ಚಾಪೆ ಹಾಸುವ ಹಾಗೆ. ಎಡಗಡೆ ಫೇರ್‌ವೇ ಅಂಚಿನಿಂದ ಐದೇ ಗಜಕ್ಕೆ ಬಿಳಿ ಕಂಬಗಳಿವೆ, ಬಲಗಡೆ ಬರೀ ಹುಲ್ಲು. ಆಗ ಫೇರ್‌ವೇ ನಡುಮಧ್ಯಕ್ಕೆ ಗುರಿ ಇಟ್ಟರೆ ಚಾಪೆಯ ಎಡ ಅಂಚು ಕಂಬದ ಆಚೆ ಹೋಗುತ್ತದೆ. ಗುರಿಯನ್ನು ಹತ್ತು ಗಜ ಬಲಕ್ಕೆ ಸರಿಸಿ. ಒಂದೆರಡು ಚೆಂಡು ಜಾಸ್ತಿ ರಫ್‌ಗೆ ಹೋಗುತ್ತವೆ, ಹೋಗಲಿ. ಎರಡು ಹೊಡೆತದ ದಂಡ ತಪ್ಪಿತಲ್ಲ!

ಟೀ ಜಾಗವನ್ನೂ ಬಳಸಿಕೊಳ್ಳಿ. ಎರಡು ಗುರುತುಗಳ ನಡುವೆ ಎಲ್ಲಿ ಬೇಕಾದರೂ, ಹಿಂದಕ್ಕೆ ಎರಡು ಕ್ಲಬ್ ಉದ್ದದವರೆಗೂ ಚೆಂಡು ಇಡಬಹುದು. ಬಹಳ ಜನ ಸುಮ್ನೆ ನಡುವೆ ಇಡುತ್ತಾರೆ. ಅಪಾಯ ಎಡಗಡೆ ಇದ್ದರೆ ಟೀಯ ಎಡ ತುದಿಯಲ್ಲೇ ಇಟ್ಟು ಅಲ್ಲಿಂದ ಬಲಕ್ಕೆ ನೋಡಿ ಹೊಡೆಯಿರಿ. ಕಣ್ಣಿಗೇ ಜಾಗ ಅಗಲವಾಗುತ್ತದೆ.

ಈಗ ನನಗೆ ತುಂಬಾ ಮುಖ್ಯ ಅನಿಸುವ ಮಾತು. ದೂರ ಬೇಕೋ ನೇರ ಬೇಕೋ ಅಂತ ಕೇಳುವಾಗ ಅವೆರಡೂ ಸವತಿಯರು ಅಂದುಕೊಳ್ಳುತ್ತೇವೆ. ಒಂದನ್ನು ಕರೆದರೆ ಇನ್ನೊಂದು ಮುನಿಸಿಕೊಳ್ಳುತ್ತದೆ ಅಂತ. ವೃತ್ತಿಪರರಲ್ಲಿ ಸ್ವಲ್ಪ ಹಾಗೆಯೇ ಇರಬಹುದು. ಹವ್ಯಾಸಿಗಳಲ್ಲಿ ಅವು ಒಂದೇ ಮನೆಯ ಮಕ್ಕಳು. ಎರಡನ್ನೂ ಕೆಡಿಸುವ ತಪ್ಪು ಒಂದೇ.

ನಮ್ಮಲ್ಲಿ ಜಾಸ್ತಿ ಜನಕ್ಕೆ ಇರುವ ಸ್ಲೈಸ್ ತೆಗೆದುಕೊಳ್ಳಿ. ಬಲಗೈ ಆಟಗಾರರ ಚೆಂಡು ಬಲಕ್ಕೆ ಬಾಗಿ ಬಾಗಿ ಹೋಗುತ್ತದೆ. ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಅನ್ನುವುದನ್ನು ಮುಕ್ಕಾಲು ಪಾಲು ತೀರ್ಮಾನಿಸುವುದು ಚೆಂಡು ತಗಲುವ ಕ್ಷಣದಲ್ಲಿ ಕ್ಲಬ್ಬಿನ ಮುಖ ಎತ್ತ ನೋಡುತ್ತಿತ್ತು ಅನ್ನುವುದು. ಕ್ಲಬ್ ಸಾಗುವ ದಾರಿ ಎಡಕ್ಕೆ, ಮುಖ ಅದಕ್ಕಿಂತ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. ಹಾಗೆ ತೆರೆದ ಮುಖ ಚೆಂಡಿಗೆ ಸುತ್ತು ಜಾಸ್ತಿ ಕೊಡುತ್ತದೆ. ಚೆಂಡು ಮೇಲಕ್ಕೆ ಎದ್ದು ಅಲ್ಲೇ ಸೋತು ಬೀಳುತ್ತದೆ. ದಾರಿಯೂ ಹೋಯಿತು, ದೂರವೂ ಹೋಯಿತು. ಹಾಗೇ, ಚೆಂಡು ಕ್ಲಬ್ ಮುಖದ ನಡುವೆ ತಗಲದೆ ಹಿಮ್ಮಡಿಯ ಕಡೆ, ಅಂದರೆ ಕೋಲು ತಲೆಗೆ ಸೇರುವ ಕಡೆ, ತಗಲಿದರೆ ಬಲಕ್ಕೆ ಬಾಗುವುದು ಇನ್ನೂ ಜಾಸ್ತಿ, ವೇಗವೂ ಕಡಿಮೆ. ನಡುವೆ ತಗಲಿದ ದಿನ ಏನಾಗುತ್ತದೆ? ಕೈಗೆ ಏನೂ ತಿಳಿಯುವುದೇ ಇಲ್ಲ, ಬೆಣ್ಣೆ ಕತ್ತರಿಸಿದ ಹಾಗೆ. ಚೆಂಡು ನೇರವೂ ಹೋಗುತ್ತದೆ, ದೂರವೂ ಹೋಗುತ್ತದೆ. ಅವತ್ತು ನೀವು ಜೋರಾಗಿ ಬೀಸಿರುವುದೂ ಇಲ್ಲ, ಅಲ್ವಾ?

ಅಭ್ಯಾಸದ ಜಾಗದಲ್ಲಿ ಕ್ಲಬ್ ಮುಖಕ್ಕೆ ತೆಳ್ಳಗೆ ಪೌಡರ್ ಹಚ್ಚಿ ಹತ್ತು ಚೆಂಡು ಹೊಡೆದು ನೋಡಿ. ಗುರುತು ಎಲ್ಲಿ ಮೂಡಿದೆ ಅಂತ ಅದೇ ಹೇಳುತ್ತದೆ. ಸುತ್ತು ಆಡುವಾಗ ಮಾತ್ರ ಹಚ್ಚಬೇಡಿ, ನಿಯಮ ಒಪ್ಪುವುದಿಲ್ಲ. ನನ್ನ ಗುರುತುಗಳೆಲ್ಲ ಹಿಮ್ಮಡಿಯ ಕಡೆಗೆ ಗುಂಪುಗೂಡಿದ್ದವು. ಚೆಂಡಿಗೆ ತೀರಾ ಹತ್ತಿರ ನಿಲ್ಲುತ್ತಿದ್ದೆ. ಒಂದು ಅಂಗುಲ ಹಿಂದೆ ಸರಿದು ನಿಂತೆ. ವರ್ಷಗಟ್ಟಲೆ ತೋಳಿನ ಬಲ ಕೊಡದ ಗಜಗಳನ್ನು ಆ ಒಂದು ಅಂಗುಲ ಕೊಟ್ಟಿತು.

ಡ್ರೈವರ್ ಬೇಡ, 3 ವುಡ್ ಹೊಡಿ, ನೇರ ಹೋಗುತ್ತೆ ಅನ್ನುವ ಸಲಹೆ ಎಲ್ಲ ಕಡೆ ಕೇಳುತ್ತೇವೆ. 3 ವುಡ್‌ನ ಮುಖ ಜಾಸ್ತಿ ವಾಲಿರುತ್ತದೆ, ಕೋಲು ಗಿಡ್ಡ, ಹಾಗಾಗಿ ಚೆಂಡು ಬಾಗುವುದು ಸ್ವಲ್ಪ ಕಡಿಮೆ. ಆದರೆ ಡ್ರೈವರ್ ತಲೆಯಷ್ಟು ದೊಡ್ಡ ತಲೆ ಚೀಲದಲ್ಲಿ ಬೇರೆ ಯಾವ ಕ್ಲಬ್ಬಿಗೂ ಇಲ್ಲ. ನಿಯಮ 460 ಘನ ಸೆಂಟಿಮೀಟರ್‌ವರೆಗೆ ಬಿಡುತ್ತದೆ. ದೊಡ್ಡ ತಲೆ ನಮ್ಮ ತಪ್ಪನ್ನು ಅಷ್ಟು ಜಾಸ್ತಿ ಕ್ಷಮಿಸುತ್ತದೆ. 3 ವುಡ್‌ನ ಪುಟ್ಟ ತಲೆಯಲ್ಲಿ ನಡುವೆ ತಗಲಿಸುವುದು ಬಹಳ ಜನಕ್ಕೆ ಇನ್ನೂ ಕಷ್ಟ. ಹೆದರಿ ಕ್ಲಬ್ ಬದಲಿಸುವ ಮುಂಚೆ ಜಾಸ್ತಿ ಲಾಫ್ಟ್, ಅಂದರೆ ಮುಖದ ವಾಲು, ಇರುವ ಡ್ರೈವರ್ ಹಿಡಿದು ನೋಡಿ. ಒಂಬತ್ತು ಡಿಗ್ರಿ ಬದಲು ಹನ್ನೆರಡು. ನಿಧಾನವಾಗಿ ಬೀಸುವವರಿಗೆ ಚೆಂಡು ಗಾಳಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಬಾಗುವುದೂ ಕಡಿಮೆ.

ಕೆಲವು ಕಡೆ ಡ್ರೈವರ್ ಚೀಲದಲ್ಲೇ ಇರಬೇಕು, ಅದೂ ನಿಜ. 2006ರಲ್ಲಿ ಇಂಗ್ಲೆಂಡಿನ ರಾಯಲ್ ಲಿವರ್‌ಪೂಲ್ ಕೋರ್ಸಿನಲ್ಲಿ ಟೈಗರ್ ವುಡ್ಸ್ ಬ್ರಿಟಿಷ್ ಓಪನ್ ಗೆದ್ದಾಗ 72 ಹೋಲ್‌ಗಳಲ್ಲಿ ಡ್ರೈವರ್ ಹೊಡೆದದ್ದು ಒಂದೇ ಸಲ. ನೆಲ ಒಣಗಿ ಗಟ್ಟಿಯಾಗಿತ್ತು, ಐರನ್ನಿನಿಂದಲೇ ಚೆಂಡು ಉರುಳಿ ಉರುಳಿ ಬೇಕಾದಷ್ಟು ದೂರ ಹೋಗುತ್ತಿತ್ತು. ಅವರು ಸ್ವಲ್ಪ ದೂರ ಬಿಟ್ಟುಕೊಟ್ಟರು. ಬದಲಿಗೆ ಬಂಕರ್‌ಗಳನ್ನು, ಅಂದರೆ ಮರಳಿನ ಗುಂಡಿಗಳನ್ನು, ತಪ್ಪಿಸಿಕೊಂಡರು. ನಮ್ಮ ಹರವು ಬೀಳುವ ಕಡೆಯೇ ನೀರೋ ಬಿಳಿ ಕಂಬವೋ ಎರಡೂ ಬದಿ ಬಂದು ಕೂತಿದ್ದರೆ ನಾವೂ ಹಾಗೇ ಮಾಡಬೇಕು.

ಇನ್ನೊಂದು ದಾರಿ ತೀರಾ ಸುಲಭ. ಅದೇ ಹೋಲ್‌ನಲ್ಲಿ ಗ್ರೀನ್‌ಗೆ ಹತ್ತಿರವಿರುವ ಮುಂದಿನ ಟೀಯಿಂದ ಆಡಿ. ಬೆವರು ಸುರಿಸದೆ ಮೂವತ್ತು ಗಜ ಸಿಗುತ್ತದೆ. ಅದರಲ್ಲಿ ಅವಮಾನ ಏನೂ ಇಲ್ಲ.

ಒಂದು ಪುಟ್ಟ ಪುಸ್ತಕ ಜೇಬಿನಲ್ಲಿಟ್ಟುಕೊಂಡು ಒಂದೊಂದು ಡ್ರೈವ್‌ಗೂ ಒಂದು ಗುರುತು ಹಾಕುತ್ತೇನೆ. ದಾರಿ ಇದೆ, ದಾರಿ ಮುಚ್ಚಿದೆ, ಚೆಂಡು ಹೋಯಿತು. ಮೂರೇ ಗುರುತು. ಕೆಲವು ತಿಂಗಳು ಹಾಕಿದ ಮೇಲೆ ತಿರುವಿ ನೋಡಿದೆ. ಹೋದ ಚೆಂಡುಗಳಲ್ಲಿ ಹೆಚ್ಚಿನವು ಒಂದೇ ಹೋಲ್‌ನಲ್ಲಿ ಹೋಗಿದ್ದವು. ಎಡಗಡೆ ಉದ್ದಕ್ಕೂ ಬಿಳಿ ಕಂಬ ಇರುವ ಹೋಲ್ ಅದು. ಪ್ರತಿ ಸಲವೂ ನಾನು ಟೀ ನಡುವೆ ಚೆಂಡಿಟ್ಟು ಫೇರ್‌ವೇ ನಡುವೆ ನೋಡುತ್ತಿದ್ದೆ. ಈಗ ಎಡ ತುದಿಯಲ್ಲಿ ಇಡುತ್ತೇನೆ, ಬಲಗಡೆ ದೂರದಲ್ಲಿರುವ ಒಂದು ಒಂಟಿ ಮರ ನೋಡುತ್ತೇನೆ, ಡ್ರೈವರನ್ನೇ ಹೊಡೆಯುತ್ತೇನೆ. ಎಷ್ಟೋ ಸಲ ಚೆಂಡು ಆ ಮರದ ಹತ್ತಿರ ಹುಲ್ಲಿನಲ್ಲಿ ಸಿಗುತ್ತದೆ. ಅಲ್ಲಿಂದ ಗ್ರೀನ್ ಮೇಲಿನ ಬಾವುಟ ಚೆನ್ನಾಗಿ ಕಾಣುತ್ತದೆ.

ನಮಸ್ಕಾರ.