ವಾಚ್‌ಲಿಸ್ಟ್ ಎಂದರೇನು? ಅದು ತೋರಿಸುವುದೇನು, ಮರೆಸುವುದೇನು?

[ದೃಶ್ಯ: ಮೊಬೈಲ್ ಪರದೆಯ ಮೇಲೆ ನಕ್ಷತ್ರದ ಗುರುತನ್ನು ಒತ್ತುತ್ತಿರುವ ಬೆರಳು]

ನಮಸ್ಕಾರ. ವಾಚ್‌ಲಿಸ್ಟ್ ಎಂಬ ಪದ ಸಿನಿಮಾ ಆ್ಯಪ್‌ನಲ್ಲೂ ಇದೆ, ಷೇರು ಆ್ಯಪ್‌ನಲ್ಲೂ ಇದೆ, ವಿಮಾನ ನಿಲ್ದಾಣದ ಭದ್ರತೆಯ ಸುದ್ದಿಯಲ್ಲೂ ಇದೆ. ಯಾವುದರ ಬಗ್ಗೆ ಇನ್ನೂ ತೀರ್ಮಾನ ಆಗಿಲ್ಲವೋ, ಆದರೆ ಯಾವುದು ಕಣ್ತಪ್ಪಿ ಹೋಗಬಾರದೋ ಅದನ್ನು ಬರೆದಿಡುವ ಪಟ್ಟಿ ಇದು. ಕನ್ನಡದಲ್ಲಿ ನಿಗಾ ಪಟ್ಟಿ ಎನ್ನಬಹುದು. ಸಿನಿಮಾ ಆ್ಯಪ್‌ನ ಪಟ್ಟಿಯಲ್ಲಿ ಮಾತ್ರ ನಿಗಾ ಕಡಿಮೆ, ಆಸೆಯೇ ಹೆಚ್ಚು.

[ದೃಶ್ಯ: ಷೇರುಗಳ ಪಟ್ಟಿ, ಏರಿಳಿಯುವ ಅಂಕಿಗಳು]

ಷೇರನ್ನು ವಾಚ್‌ಲಿಸ್ಟ್‌ಗೆ ಸೇರಿಸಿದರೆ ಅದನ್ನು ಕೊಂಡಂತಾಗುವುದಿಲ್ಲ, ಹಣವೂ ಖರ್ಚಾಗುವುದಿಲ್ಲ. ಅಲ್ಲಿ ಕಾಣುವ ಶೇಕಡಾವಾರು ಬದಲಾವಣೆ ಸಾಮಾನ್ಯವಾಗಿ ಹಿಂದಿನ ವಹಿವಾಟು ದಿನದ ಮುಕ್ತಾಯದ ಬೆಲೆಗೆ ಹೋಲಿಸಿದ್ದೇ ಹೊರತು, ನೀವು ಪಟ್ಟಿಗೆ ಸೇರಿಸಿದ ದಿನದ ಬೆಲೆಗಲ್ಲ. ಒಂದು ಷೇರು ಸತತ 10 ದಿನ ಶೇ 2ರಂತೆ ಇಳಿದರೆ ಒಟ್ಟು ಕುಸಿತ ಸುಮಾರು ಶೇ 18 ಆಗಿರುತ್ತದೆ, ಆದರೆ ಪರದೆಯ ಮೇಲೆ ಪ್ರತಿದಿನವೂ ಕಾಣುವುದು ಬರೀ 2. ಆದ್ದರಿಂದ ಸೇರಿಸಿದ ದಿನದ ಬೆಲೆಯನ್ನೂ, ಯಾಕೆ ಸೇರಿಸಿದೆವು ಎಂಬುದನ್ನೂ ಬೇರೆಡೆ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

[ದೃಶ್ಯ: ವಿಕಿಪೀಡಿಯದ ವೀಕ್ಷಣಾಪಟ್ಟಿ]

ವಿಕಿಪೀಡಿಯದಲ್ಲಿ ಲಾಗಿನ್ ಆಗಿ ಪುಟದ ಮೇಲಿನ ನಕ್ಷತ್ರವನ್ನು ಒತ್ತಿದರೆ ಆ ಪುಟವೂ ಅದರ ಚರ್ಚಾಪುಟವೂ ಒಟ್ಟಿಗೇ ಪಟ್ಟಿಗೆ ಬರುತ್ತವೆ. ಬರಹ ಎಷ್ಟು ಬೈಟ್ (ಕಂಪ್ಯೂಟರ್‌ನಲ್ಲಿ ಬರಹದ ಗಾತ್ರದ ಅಳತೆ) ಹೆಚ್ಚಿತು ಎಂಬುದು ಹಸಿರಿನಲ್ಲಿ, ಎಷ್ಟು ಕಡಿಮೆಯಾಯಿತು ಎಂಬುದು ಕೆಂಪಿನಲ್ಲಿ ಕಾಣುತ್ತದೆ. ಇಲ್ಲೂ ಅದೇ ತೊಡಕು: ನಾವು ಸೆಟ್ಟಿಂಗ್ ಬದಲಿಸದಿದ್ದರೆ ಪ್ರತಿ ಪುಟದ ಕೊನೆಯ ತಿದ್ದುಪಡಿಯೊಂದೇ ಕಾಣುತ್ತದೆ. ಯಾರೋ ಒಂದು ಪ್ಯಾರಾವನ್ನೇ ಅಳಿಸಿಹಾಕಿ, ಆಮೇಲೆ ಇನ್ನೊಬ್ಬರು ಒಂದು ಅಲ್ಪವಿರಾಮ ಸೇರಿಸಿದ್ದರೆ, ನಮ್ಮ ಕಣ್ಣಿಗೆ ಬೀಳುವುದು ಆ ಅಲ್ಪವಿರಾಮ ಮಾತ್ರ. ಪುಟದ ಇತಿಹಾಸವನ್ನು ತೆರೆದು ನೋಡುವ ರೂಢಿ ಇಲ್ಲದಿದ್ದರೆ ನಿಗಾ ಇಟ್ಟೂ ಪ್ರಯೋಜನವಿಲ್ಲ.

[ದೃಶ್ಯ: ವಿಮಾನ ನಿಲ್ದಾಣದ ತಪಾಸಣಾ ಸಾಲು]

ಇವೆಲ್ಲ ನಾವೇ ಮಾಡಿಕೊಂಡ ಪಟ್ಟಿಗಳು. ಸರ್ಕಾರಗಳ ಭದ್ರತಾ ಪಟ್ಟಿಯಲ್ಲಿ ಹೆಸರಿದೆ ಎಂದಮಾತ್ರಕ್ಕೆ ಅಪರಾಧ ಸಾಬೀತಾದಂತಲ್ಲ, ಆದರೂ ತೊಂದರೆ ತಪ್ಪುವುದಿಲ್ಲ. ಹೆಸರು ಹೋಲಿದರೂ ಸಾಕು. ಅಮೆರಿಕದ ಸೆನೆಟರ್ ಎಡ್ವರ್ಡ್ ಕೆನಡಿ ಅವರನ್ನು ಅಂಥದ್ದೇ ಹೋಲಿಕೆಯಿಂದಾಗಿ ವಿಮಾನ ನಿಲ್ದಾಣಗಳಲ್ಲಿ ಹಲವು ಬಾರಿ ತಡೆಯಲಾಗಿತ್ತು. 2004ರಲ್ಲಿ ಅವರೇ ಇದನ್ನು ಸೆನೆಟ್ ವಿಚಾರಣೆಯಲ್ಲಿ ಹೇಳಿದರು. ಅಷ್ಟು ಪ್ರಭಾವಿಗೂ ಗೊಂದಲ ಬಗೆಹರಿಸಿಕೊಳ್ಳಲು ವಾರಗಳೇ ಹಿಡಿದವು. ಹೀಗೆ ಸಿಕ್ಕಿಬೀಳುವ ಸಾಮಾನ್ಯ ಪ್ರಯಾಣಿಕರು ದೂರು ಕೊಡಲೆಂದು ಅಲ್ಲಿ 2007ರಲ್ಲಿ ಪ್ರತ್ಯೇಕ ವ್ಯವಸ್ಥೆಯೊಂದು ಆರಂಭವಾಯಿತು. ದೂರು ಕೊಟ್ಟವರಿಗೆ ಒಂದು ಸಂಖ್ಯೆ ಸಿಗುತ್ತದೆ. ಟಿಕೆಟ್ ಕಾಯ್ದಿರಿಸುವಾಗ ಅದನ್ನೂ ನಮೂದಿಸಬಹುದು.