ಬೂದಿ ಗೊಬ್ಬರ ಅಲ್ಲಪ್ಪೋ!

ನಮಸ್ಕಾರ್ರೀ ಎಲ್ಲಾರಿಗೂ. ಇವತ್ತ ಖರೇ ಅಂದ್ರ ಮೆಣಸಿನಕಾಯಿ ಸಸಿ ಬಗ್ಗೆ ವಿಡಿಯೋ ಮಾಡೂದಿತ್ತು. ಬರದು ಇಟ್ಟಿದ್ದೆ, ಅಂಗಿಗೆ ಇಸ್ತ್ರಿನೂ ಮಾಡಿಸಿದ್ದೆ. ಮುಂಜಾನೆ ಚಹಾ ಕುಡ್ಕೋತ ಹೋದ ವಾರ ‘ಬೆಳಿ ಕೊಯ್ದ ಮ್ಯಾಲ ಹೊಲದಾಗ ಉಳದ ದಂಟು ಸುಡಬ್ಯಾಡ್ರಿ’ ಅಂತ ಹಾಕಿದ್ದ ವಿಡಿಯೋ ಕೆಳಗ ಕಾಮೆಂಟ್ ನೋಡಿದೆ ನೋಡ್ರಿ, ತಲಿ ಕೆಟ್ಟು ಮೊಸರ ಗಡಿಗಿ ಆತು. ಮೆಣಸಿನಕಾಯಿ ಮುಂದಿನ ವಾರ. ಇವತ್ತ ಖಾರ ನಂದ.

ಓದ್ತೀನಿ ಕೇಳ್ರಿ. “ಅಣ್ಣಾ, ದಂಟು ಸುಟ್ರ ಏನ್ ಆಗತೈತಿ? ಬೂದಿ ಆಗತೈತಿ. ಬೂದಿನೂ ಗೊಬ್ಬರನ. ನಮ್ಮಜ್ಜನ ಕಾಲದಿಂದ ಸುಡಾಕತ್ತೇವಿ. ನೀ ಎರಿಹುಳದ ಗೊಬ್ಬರ ಮಾರಾಂವ, ಅದಕ್ಕ ಹಿಂಗ ಮಾತಾಡ್ತಿ.” ಕೆಳಗ 214 ಲೈಕ್! ನನ್ನ ವಿಡಿಯೋಕ್ಕ ಅಷ್ಟು ಲೈಕ್ ಇಲ್ಲರೀ. ಒತ್ರಿ ಈಗರ, ನಾಚಿಗಿ ಬರೂವಂಗ ಮಾಡಬ್ಯಾಡ್ರಿ.

ಮೊದಲ ಅಜ್ಜನ ಮಾತು ಮುಗಸೂಣು. ತಮ್ಮಾ, ನಿಮ್ಮಜ್ಜ ಕಡ್ಡಿ ಗೀರಿದ್ದು ಬೀಡಿಗೆ. ಹೊಲಕ್ಕ ಅಲ್ಲ. ಆತನ ಹಿತ್ತಲದಾಗ ಎರಡ ಜೋಡಿ ಎತ್ತು, ಆಕಳ, ಎಮ್ಮಿ ಇದ್ವು. ಬಿಳಿಜೋಳದ ಕಣಿಕಿ ಬಣವಿ ಒಟ್ಟತಿದ್ದಾ. ಬಣವಿಗೆ ಬೆಂಕಿ ಬಿತ್ತಂದ್ರ ಊರಿಗೂರ ಕೊಡಾ ಹಿಡಕೊಂಡು ಓಡತಿತ್ತು. ತಿಂದು ಉಳದದ್ದು, ತುಳದು ಉಳದದ್ದು, ಸಗಣಿ, ಗಂಜಲ ಎಲ್ಲಾ ತಿಪ್ಪಿಗೆ. ದೀಪಾವಳಿ ಪಾಡ್ಯಾಕ್ಕ ಸಗಣಿ ಪಾಂಡವರನ್ನ ಮಾಡಿ ತಿಪ್ಪಿ ಮ್ಯಾಲ ಇಟ್ಟು ಕೈ ಮುಗಿತಿದ್ದ ಮನಿತನ ನಿಂದು. ಈಗ ಎತ್ತು ಹೋದ್ವು, ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರ್ ಸಗಣಿ ಹಾಕೂದಿಲ್ಲ. ತಿಪ್ಪಿ ಇದ್ದ ಜಾಗಾದಾಗ ನೀ ಬೈಕ್ ನಿಂದ್ರಸಾಕತ್ತಿ. ಅಜ್ಜನ ಹೆಸರ ತಗೀಬ್ಯಾಡ.

ಈಗ ಬೂದಿ. ಸುಗ್ಗಿ ಮುಗದ ಮ್ಯಾಲ ಸಂಜಿಮುಂದ ಗದಗಿನಿಂದ ಹುಬ್ಬಳ್ಳಿಗೆ ಬರ್ರಿ. ಅಣ್ಣಿಗೇರಿ ಆಜೂಬಾಜೂ ಹತ್ತಿ ಕಟಗಿ ಹೊಗಿ. ಆ ಕಡೆ ಹಾವೇರಿ, ರಾಣೆಬೆನ್ನೂರಿಗೆ ಹೋದ್ರ ಗೋವಿನಜೋಳದ ದಂಟಿನ ಹೊಗಿ. ಕಣ್ಣ ಉರಿ ಬಿಡ್ರಿ, ಮ್ಯಾಲ ಹೋಗಾಕತ್ತಿದ್ದು ಏನು ಅನ್ನೂದು ಹೇಳ್ತೀನಿ. ಒಣಾ ದಂಟಿನೊಳಗ ನೂರಕ್ಕ 40ರ ಮ್ಯಾಲ ಇಂಗಾಲ. ಸಾರಜನಕ ಟನ್ನಿಗೆ ಕಡಿಮಿ ಅಂದ್ರೂ 5 ಕೆಜಿ. ಬೆಂಕಿ ಹಚ್ಚಿದ ಕೂಡ್ಲೆ ಇವೆರಡೂ ಹೆಚ್ಚೂಕಡಿಮಿ ಪೂರ್ತಿ ಗಾಳಿಗೆ. ಗಂಧಕ ಅರ್ಧದಷ್ಟ ಗಾಳಿಗೆ. ಕೆಳಗ ಉಳಿಯೂದು ಏನು? ಪೊಟ್ಯಾಷ್, ಸುಣ್ಣ, ಜರಾ ರಂಜಕ.

“ನೋಡು, ಪೊಟ್ಯಾಷ್ ಉಳಿತಲ್ಲ!” ಅಂತಿ. ತಡಿ, ನನ್ನ ಹೊಲದ ಮಣ್ಣಿನ ಕಾರ್ಡ್ ಇಲ್ಲೇ ಐತಿ. ಕ್ಯಾಮೆರಾಕ್ಕ ಹಿಡೀತೀನಿ. ರಸಸಾರ, ಅಂದ್ರ pH, 8.4: ಹುಳಿ ಅಲ್ಲ, ಕ್ಷಾರ. ಪೊಟ್ಯಾಷ್: ಹೆಚ್ಚು. ಸಾವಯವ ಇಂಗಾಲ: ನೂರಕ್ಕ 0.38, ಕಡಿಮಿ. 0.5ಕ್ಕಿಂತ ಕೆಳಗ ಬಂದ್ರ ಕಡಿಮಿ, 0.75 ದಾಟಿದ್ರ ಹೆಚ್ಚು ಅಂತ ಲೆಕ್ಕ. ನಮ್ಮ ಕರೇ ಎರಿ ಹೊಲ ಬಹಳಷ್ಟು ಹಿಂಗನ: ಸುಣ್ಣ ಐತಿ, ಪೊಟ್ಯಾಷ್ ಐತಿ, ಇಂಗಾಲ ಇಲ್ಲ. ನೀ ಸುಟ್ಟು ಏನ್ ಕೊಟ್ಟಿ? ಇದ್ದದ್ದನ್ನ ಕೊಟ್ಟಿ, ಇಲ್ಲದ್ದನ್ನ ಹೊಗಿ ಮಾಡಿದಿ. ಉಪ್ಪ ಹೆಚ್ಚಾದ ಸಾರಿಗೆ ಮತ್ತೊಂದ ಚಮಚಾ ಉಪ್ಪ ಹಾಕಿ “ಇದೂ ರುಚಿನ” ಅಂದಂಗ ಆತು. ಬೂದಿ ಗೊಬ್ಬರ ಅಲ್ಲಪ್ಪೋ!

ಹಾನಗಲ್ಲ, ಕಲಘಟಗಿ ಕಡೆ ಹುಳಿ ಮಣ್ಣಿದ್ದಲ್ಲಿ ಬೂದಿ ಜರಾ ಉಪಯೋಗಕ್ಕ ಬಂದೀತು. ಬರ್ಲಿ. ಒಲಿ ಬೂದಿ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಹೊಲಾನ ಒಲಿ ಮಾಡಬ್ಯಾಡ್ರಿ.

ಮತ್ತ ಯೂರಿಯಾ. ಮುಂಗಾರು ಶುರು ಆತಂದ್ರ ಸೊಸೈಟಿ ಮುಂದ ಪಾಳಿ. ಚಪ್ಪಲ್ ಪಾಳಿಗೆ ಇಟ್ಟು ಗಿಡದ ನೆರಳಾಗ ಕುಂದರತೇವಿ. 2008ರ ಜೂನದಾಗ ಇದ ಹಾವೇರಿಯೊಳಗ ಗೊಬ್ಬರ ಕೇಳಾಕ ಬಂದ ರೈತರ ಮ್ಯಾಲ ಗೋಲಿಬಾರ್ ಆತು, ಇಬ್ಬರು ಹ್ವಾದ್ರು. ಮರೀಬ್ಯಾಡ್ರಿ. ಗೊಬ್ಬರದ ಬೆಲಿ ನಮ್ಮ ಜಿಲ್ಲಾದವರಿಗೆ ಯಾರೂ ಕಲಸಬೇಕಿಲ್ಲ. ಈಗ ಲೆಕ್ಕ ಹಾಕ್ರಿ: 45 ಕೆಜಿ ಚೀಲದಾಗ ಸಾರಜನಕ ನೂರಕ್ಕ 46, ಅಂದ್ರ 20 ಕೆಜಿ ಚಿಲ್ಲರ. ನಾಲ್ಕ ಟನ್ ದಂಟು ಸುಟ್ರ ಅಷ್ಟ ಸಾರಜನಕ ಹೋತು. ಡಿಸೆಂಬರದಾಗ ಒಂದ ಚೀಲ ಯೂರಿಯಾಕ್ಕ ಕಡ್ಡಿ ಗೀರಿ, ಜೂನದಾಗ ಅದ ಚೀಲಕ್ಕ ಚಪ್ಪಲ್ ಇಡೂದು. ಬೂದಿ ಗೊಬ್ಬರ ಅಂದಾಂವನ್ನ ಕರ್ಕೊಂಡು ಬರ್ರಿ ಇಲ್ಲೆ.

ಈಗ ನಾ ಒಂದು ತೋರಸ್ತೀನಿ. ಪಾಡ್‌ಕಾಸ್ಟ್ ಕೇಳಾವ್ರಿಗೆ ಬಾಯಿಲೆ ಹೇಳ್ತೀನಿ. ಎರಡು ಚಹಾದ ಗ್ಲಾಸು, ತುಂಬ ನೀರು. ಎರಡು ಹೆಂಟಿ ತಂದೀನಿ, ನಿಂಬಿಹಣ್ಣಿನಷ್ಟು, ಒಣಗಿಸಿದ್ದು. ಒಂದು ಬದುವಿನ ಮ್ಯಾಲ ಬೇವಿನ ಗಿಡದ ಬುಡದ್ದು. ಅಲ್ಲಿ ರಂಟಿ ಹೋಗಿಲ್ಲ, ಆರ ವರ್ಷದಿಂದ ಬೆಂಕಿ ಹೋಗಿಲ್ಲ, ವರ್ಷಾ ಎಲಿ ಬೀಳತೈತಿ. ಇನ್ನೊಂದು ಅಲ್ಲಿಂದ ಹತ್ತ ಹೆಜ್ಜಿ, ವರ್ಷಾ ಸುಡೂ ಬಾಜೂ ಹೊಲದ್ದು. ಎರಡೂ ಒಂದ ಎರಿ ಮಣ್ಣು, ಒಂದ ಬಣ್ಣ. ಬಿಟ್ಟೆ ನೋಡ್ರಿ.

ಹೊಲದ್ದು ಗುಳುಗುಳು ಅಂತು. ಗುಳ್ಳಿ ಬಂದ್ವು... ಅಂಚು ಉದರಾಕತ್ತು... ಬಿತ್ತು. ಅರ್ಧ ನಿಮಿಷ ಆಗಿಲ್ಲರೀ, ಗ್ಲಾಸಿನ ತಳದಾಗ ಕೆಸರು, ಮ್ಯಾಲ ಕರೇ ನೀರು. ಬದುವಿಂದು ಹಂಗ ಕುಂತೈತಿ, ನೀರು ತಿಳಿ ಐತಿ. ಒಳಗ ಸಣ್ಣ ಬೇರು ಕಾಣತಾವ, ಕೂದಲದಂಗ. ಆ ಮಣ್ಣಿನ ಕಣಾ ಕೂಡಿಸಿ ಹಿಡದದ್ದು ಏನು? ಕೊಳತ ಎಲಿ, ಬೇರು, ಅದನ್ನ ತಿಂದ ಜೀವಗಳ ಅಂಟು. ಇವ ಬೂದಿಯೊಳಗ ಎಲ್ಲೆ ಅದಾವ ತೋರಸು?

ಇದ ಗ್ಲಾಸಿನ್ಯಾಗ ಆದದ್ದು ಮೊದಲ ದೊಡ್ಡ ಮಳಿಗೆ ಹೊಲದಾಗ ಆಗತೈತಿ. ಹೆಂಟಿ ಕರಗಿ ಸಂದಿ ಮುಚ್ಚತೈತಿ, ನೀರು ಒಳಗ ಇಳಿಯಂಗಿಲ್ಲ, ಹೊಲದ ಮ್ಯಾಲಿನ ಛಲೋ ಮಣ್ಣು ಎತಗೊಂಡು ಹಳ್ಳಾ ಹಿಡೀತೈತಿ. ನಮ್ಮ ಕಡೆ ಬೆಣ್ಣಿಹಳ್ಳ ನೋಡ್ರಿ. ಬೆಣ್ಣಿಯಂಥಾ ಮಣ್ಣು ಅದರಾಗ ಹರೀತೈತಿ, ಅದು ನಿಂದು.

ಈಗ ವಾದ ಮಾಡಾವ್ರು. ಸಾಲಾಗಿ ಬರ್ರಿ.

“ದಂಟು ಬಿಟ್ರ ಕುಂಟಿಗೆ ಸಿಗತೈತಿ.” ಸಿಗತೈತಿ. ಉದ್ದಂದ ದಂಟು ಬಿಟ್ರ ಸಿಗದನ ಏನ್ ಮಾಡೀತು? ತುಂಡ ಮಾಡು. ಅದರ ಮಶಿನ್ ಕೃಷಿ ಯಂತ್ರಧಾರೆ ಅನ್ನೂ ಬಾಡಗಿ ಕೇಂದ್ರದಾಗ ಕೇಳು. ಬೇಕಾದಾಗ ಸಿಗಂಗಿಲ್ಲ ಅನ್ನೂದು ಖರೇನ, ನಾನೂ ಎರಡ ಸಲ ಹೋಗಿ ಖಾಲಿ ಕೈಲೆ ಬಂದೀನಿ. ಆದ್ರ ಹೊಸಾ ಮೊಬೈಲಿಗೆ ಮೂರ ಸಲ ಹುಬ್ಬಳ್ಳಿಗೆ ಹೋಗ್ತಿ, ಇದಕ್ಕ ಮೂರನೇ ಸಲ ಹೋಗಾಕ ಕಾಲ ನೋಯ್ತಾವು.

“ಹತ್ತಿಯೊಳಗ ಗುಲಾಬಿ ಹುಳ ಐತಿ, ಸುಡಲೇಬೇಕು.” ಹುಳ ಕುಂತದ್ದು ಒಡೀದ ಕಾಯಿ ಒಳಗ. ಅವನ್ನ ಆರಿಸಿ ನಾಶ ಮಾಡು, ಬೇಕಾದ್ರ ಒಂದ ಬುಟ್ಟಿ ಕಾಯಿ ಸುಡು, ನಾ ಬಂದು ಕಡ್ಡಿ ಕೊಡತೀನಿ. ಸೀಜನ್ ಮುಗದ ಕೂಡ್ಲೆ ಕಟಗಿ ಪುಡಿ ಮಾಡಿಸಿ ಮಣ್ಣಿಗೆ ಸೇರಸು. ಒಂದ ಕಾಯಿ ಹುಳಕ್ಕ ಐದ ಎಕರೆ ಸುಡತಾರೇನ? ಹೇನಿಗೆ ಹೆದರಿ ತಲಿ ಕಡಕೊಂಡಂಗ.

“ಮಣ್ಣಿಗೆ ಸೇರಿಸಿದೆ, ಮುಂದಿನ ಬೆಳಿ ಹಳದಿ ಆತು.” ಇದೊಂದು ಶಾಣ್ಯಾ ಮಾತು, ಇದಕ್ಕ ನಿಂತು ಹೇಳಬೇಕು. ಗೋವಿನಜೋಳದ ದಂಟಿನೊಳಗ ಒಂದ ಪಾಲು ಸಾರಜನಕಕ್ಕ ಸುಮಾರು 60 ಪಾಲು ಇಂಗಾಲ. ಕೊಳಸೂ ಸೂಕ್ಷ್ಮಜೀವಿಗೆ 25ರ ಹತ್ರ ಇದ್ರ ಹೊಂದತೈತಿ. ಅದಕ್ಕ ಕಡಿಮಿ ಬಿದ್ದ ಸಾರಜನಕ ನಿನ್ನ ಮಣ್ಣಿನ್ಯಾಗಿಂದ ಎತಗೋತಾವ, ಬೆಳಿ ಉಪವಾಸ ಬೀಳತೈತಿ. ಸತ್ತ ಮ್ಯಾಲ ತಿರುಗಿ ಕೊಡತಾವ. ಸಾಲ ತಗೊಂಡಾವು, ಕಳವು ಮಾಡಿಲ್ಲ. ಮಣ್ಣಿನ್ಯಾಗ ಹಸಿ ಇದ್ದಾಗ ದಂಟು ತುಂಡ ಮಾಡಿ, ಮ್ಯಾಲ ಸಗಣಿ ರಾಡಿ ಇಲ್ಲಾ ಜರಾ ಯೂರಿಯಾ ಚೆಲ್ಲಿ ಮುಚ್ಚು, ಬಿತ್ತೂಕಿಂತ ಮುಂಚೆ ಒಂದೂವರಿ ತಿಂಗಳು ಬಿಡು. ಹೆಸರಿನ ಬಳ್ಳಿ, ಸೆಣಬು ಹಾಕಿದ್ರ ಈ ತ್ರಾಸನ ಇಲ್ಲ, ಲಗೂನ ಕರಗತಾವ. ಹೊಲದಾಗ ಆಗೂದಿಲ್ಲಾ, ಗುಂಡಿ ತಗಿ. ಗುಂಡಿಯೊಳಗ ಕಾಂಪೋಸ್ಟ್ ಮಾಡೂ ಒಂದು ಪದ್ಧತಿಗೆ ಬೆಂಗಳೂರಿನ ಹೆಸರ ಐತಿ, ಹೊರದೇಶದಾಗನೂ ಓದ್ತಾರ. ನಮಗ ಬೆಂಗಳೂರು ಅಂದ್ರ ಮಗಾ ಅಲ್ಲಿ ಕೆಲಸಕ್ಕ ಹೋಗೂ ಊರು ಅಷ್ಟ.

ಈಗ ನಮ್ಮ ಅಕ್ಕನ ಮಗಾ, ಬಿಎಸ್ಸಿ ಓದಾಕತ್ತಾನ. ನಿನ್ನೆ ಊಟಕ್ಕ ಕುಂತಾಗ ಅಂತಾನ, “ಮಾಮಾ, ಕೊಳತ್ರೂ ಬಹಳಷ್ಟು ಇಂಗಾಲ ಗಾಳಿಗೆ ಹೋಗತೈತಿ, ಸುಟ್ರೂ ಗಾಳಿಗೆ ಹೋಗತೈತಿ. ಫರಕ್ ಏನು?” ಕೈಯಾಗ ರೊಟ್ಟಿ ಇತ್ತು, ಕಸಗೊಂಡೆ. ಯಾಕ ಅಂದ. ತಿಂದ್ರೂ ನಾಳೆ ಹೊರಗ ಹೋಗತೈತಿ, ಫರಕ್ ಏನು ಅಂದೆ. ಎರಿಹುಳ ತಿಂತು, ಬೂಷ್ಟು ತಿಂತು, ತಿಂದು ಮಣ್ಣು ಕಟ್ಟಿದ್ವು, ಉಳದದ್ದು ಸ್ವಲ್ಪ ಮಣ್ಣಿನ್ಯಾಗ ಕುಂತು. ಸುಟ್ರ ಯಾರ ತಿಂದ್ರು? ಬೆಂಕಿ ತಿಂತು! ಒಂದ ಎಕರೆದಾಗ ಮ್ಯಾಲಿನ ಗೇಣು ಮಣ್ಣು ಸುಮಾರು ಸಾವಿರ ಟನ್ ಐತಿ. ಕಾರ್ಡಿನ್ಯಾಗ 0.1 ಏರಬೇಕಂದ್ರ ಒಂದು ಟನ್ ಇಂಗಾಲ ಅಲ್ಲೇ ಉಳೀಬೇಕು. ವರ್ಷಗಟ್ಟಲೆ ಹಾಕಬೇಕು ಅಂತ ನಾನ ಹೇಳ್ತೀನಿ. ಅದಕ್ಕ ಇವತ್ತ ಸುಡಬ್ಯಾಡ ಅನ್ನೂದು. ಹುಡುಗ ರೊಟ್ಟಿ ತಿರುಗಿ ಕೇಳಿದ, ಕೊಟ್ಟೆ.

ಮತ್ತ ನಾ ಎರಿಹುಳದ ಗೊಬ್ಬರ ಮಾರ್ತೀನಿ ಅಂದಿಯಲ್ಲ. ಮಾರ್ತೀನಿ! ಕೆಜಿಗೆ ಹತ್ತ ರೂಪಾಯಿ, ಚೀಲಾ ನೀವ ತರಬೇಕು. ಆದ್ರ ತಮ್ಮಾ, ಬುದ್ಧಿ ಉಪಯೋಗಿಸು. ನೀ ದಂಟು ಸುಟ್ರ ನಿನ್ನ ಹೊಲಕ್ಕ ಗೊಬ್ಬರ ಬೇಕು, ನನಗ ವ್ಯಾಪಾರ. ಸುಡಬ್ಯಾಡ ಅಂತ ಬಡಕೊಳ್ಳಾಂವ ಎಂಥಾ ಹುಚ್ಚ ವ್ಯಾಪಾರಿ ನಾ?

ನಾನೂ ಸುಟ್ಟಾಂವನ. ಆರ ವರ್ಷದ ಹಿಂದ, ಗೋವಿನಜೋಳದ ಹೊಲಕ್ಕ. ಗಾಳಿ ತಿರುಗ್ತು, ಬೆಂಕಿ ಬದು ಹತ್ತಿ ಆ ಬೇವಿನ ಗಿಡದ ಒಂದ ಮಗ್ಗಲ ಬೆಂದು ಹೋತು. ನಮ್ಮವ್ವ ಸೆರಗು ಸೊಂಟಕ್ಕ ಕಟಗೊಂಡು ಹಸಿ ಟೊಂಗಿಲೆ ಬಡದು ಆರಸಿದ್ಲು. ನಾ ಬೈಕ್ ತಗೊಂಡು ಓಡಿ ಹೋದೆ. ಇದನ್ನ ಎಡಿಟಿಂಗದಾಗ ತಗೀಬೇಕು... ಇರ್ಲಿ ಬಿಡು.

ಇನ್ನೂ ಎರಡ ಪಾಯಿಂಟ್ ಬರಕೊಂಡಿದ್ದೆ. ಹಾಳಿ ಎಲ್ಲೆ ಹೋತು? ಈ ಕೆಸರಿನ ಗ್ಲಾಸಿನ ಕೆಳಗ ಐತಿ, ತೊಯ್ದು ಶಾಯಿ ಹರದೈತಿ. ಏನೋ ತೇವಾಂಶದ ಬಗ್ಗೆ ಇತ್ತು. ಬೂದಿ ಗೊಬ್ಬರ ಅಲ್ಲ, ಅಷ್ಟ. ಬೂದಿ ಹಣಿಗೆ ಹಚಗೋರಿ, ಪಾತ್ರಿ ತಿಕ್ರಿ. ಅದ ಕಾಮೆಂಟ್ ಮತ್ತ ಹಾಕಿದ್ರ ಪಿನ್ ಮಾಡಿ ಬೈತೀನಿ. ಬೆಲ್ ಒತ್ರಿ, ಶೇರ್ ಮಾಡ್ರಿ, ಲೈಕ್ 214 ದಾಟಬೇಕು...

ಏನಬೇ ಯವ್ವಾ? ಹಾಂ? ಇಲ್ಲೇ ಅದಾವ ಬೇ ಗ್ಲಾಸು, ಎರಡೂ. ಇಲ್ಲ, ಒಂದರಾಗ ತಿಳಿನೀರ ಐತಿ. ಒಂದರಾಗ ಜರಾ ಮಣ್ಣ... ತೊಳೀತೀನಿ ಬೇ, ನಾನ ತೊಳೀತೀನಿ.