ಯೋಜನೆಯ ಹೆಸರು ಬದಲಾಯಿತು, ಸರಿ. ಆಮೇಲೆ?

ಎಲ್ಲರಿಗೂ ನಮಸ್ಕಾರ. ಅಂಗಡಿ ಬಾಗಿಲು ತೆಗೆಯುತ್ತಾ ರೇಡಿಯೋ ಹಾಕಿದವರು, ಹಪ್ಪಳ ಒತ್ತುತ್ತಾ ಕೇಳುತ್ತಿರುವ ತಾಯಂದಿರು, ನಿಮಗೆ ಇವತ್ತು ನಾನು ಒಂದೇ ಮಾತು ಹೇಳೋದು. ಸಾಲದ ಯೋಜನೆಗೆ ಹೊಸ ಹೆಸರು ಬಂತು ಅಂದ ಕೂಡಲೇ ಖುಷಿಪಡಬೇಡಿ. ನಿಯಮ ಏನು ಬದಲಾಯಿತು ಅಂತ ಕೇಳಿ.

ಶಿರಸಿ ಕಡೆಯ ಒಬ್ಬರು ಅಕ್ಕ ಇದ್ದರು. ಮುರುಗಲು, ಅಂದರೆ ಕೋಕಂ ಹಣ್ಣಿನ ಶರಬತ್ತು ಮಾಡುತ್ತಿದ್ದರು, ಸಿಪ್ಪೆ ಒಣಗಿಸಿ ಮಾರುತ್ತಿದ್ದರು, ಬೀಜದಿಂದ ತುಪ್ಪವನ್ನೂ ತೆಗೆಯುತ್ತಿದ್ದರು. ಸ್ವಲ್ಪ ದೊಡ್ಡದು ಮಾಡೋಣ ಅಂತ ಸಾಲಕ್ಕೆ ಅರ್ಜಿ ಹಾಕಿದರು. ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ಸು ಬದಲಿಸಿ, ಕಾರವಾರದ ಕಚೇರಿಗೆ ಬಂದು ಕೇಳಿದರೆ ಅಲ್ಲಿನವರು, "ಆ ಯೋಜನೆ ಈಗಿಲ್ಲ, ಹೊಸದು ಬಂದಿದೆ, ಹೊಸ ಫಾರ್ಮು ತುಂಬಿ" ಅಂದರು. ತುಂಬಿದರು. ಅದೇ ಪ್ರಶ್ನೆಗಳು, ಅದೇ ಕೊಟೇಶನ್, ಅದೇ ಪ್ರಾಜೆಕ್ಟ್ ರಿಪೋರ್ಟ್, ಮೇಲಿನ ಹೆಸರು ಮಾತ್ರ ಬೇರೆ. ಕಡತ ಅಲ್ಲಿಂದ ಬ್ಯಾಂಕಿಗೆ ಹೋಯಿತು, ಬ್ಯಾಂಕಿನವರು ಇನ್ನೊಂದು ಕಾಗದ ಬೇಕು ಅಂದರು, ಅದು ಸಿಗುವ ಹೊತ್ತಿಗೆ ಏಪ್ರಿಲ್ ಹೋಯಿತು, ಮೇ ಹೋಯಿತು. ಸಾಲ ಮಂಜೂರಾಗಿದ್ದು ಆಷಾಢದ ಜಡಿಮಳೆಯಲ್ಲಿ! ಆಗ ನನಗೆ ಆ ಅಕ್ಕ ಹೇಳಿದ್ದು: "ಅಲ್ಲ ಮಾರಾಯ್ರೆ, ನಿಮ್ಮ ಫಾರ್ಮು ಬದಲಾಗುವವರೆಗೆ ಹಣ್ಣು ಮರದಲ್ಲಿ ಕಾಯ್ತದಾ?" ಏನು ಉತ್ತರ ಕೊಡಲಿ? ಮುರುಗಲು ವರ್ಷಕ್ಕೆ ಒಂದೇ ಸಲ, ಅದೂ ಮಳೆ ಹಿಡಿಯುವ ಮೊದಲೇ ಕೊಯ್ದು ಒಣಗಿಸಬೇಕು. ಒಂದು ವರ್ಷದ ವ್ಯಾಪಾರವೇ ಹೋಯಿತು. ಹೊಸ ಹೆಸರು ಬರೆದ ಬೋರ್ಡಿನ ಪೇಂಟಂತೂ ಚೆನ್ನಾಗಿತ್ತು ಬಿಡಿ.

ಹಾಗಾದರೆ ಹೊಸ ಯೋಜನೆ ಎಲ್ಲಾ ಸುಮ್ನೆ ಅಂತಲ್ಲ. 2008ರಲ್ಲಿ ಎರಡು ಹಳೆಯ ಯೋಜನೆ ಸೇರಿಸಿ ಪಿಎಂಇಜಿಪಿ ಮಾಡಿದರು, ಅಂದರೆ ಸ್ವಂತ ಉದ್ಯೋಗ ಶುರು ಮಾಡುವವರಿಗೆ ಸಾಲ, ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಯೋಜನೆ. ಅದರಲ್ಲಿ ಘಟಕದ ಒಟ್ಟು ವೆಚ್ಚದಲ್ಲಿ ಹಳ್ಳಿಯ ಮಹಿಳೆ ಕೈಯಿಂದ ಹಾಕಬೇಕಾದ್ದು ಶೇಕಡಾ 5, ಸಬ್ಸಿಡಿ ಶೇಕಡಾ 35. ಇದು ನಿಯಮ, ಇದನ್ನು ಲೆಕ್ಕ ಹಾಕಬಹುದು. ಆದರೆ ಆ ಸಬ್ಸಿಡಿ ಕೈಗೆ ಬರೋದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿ ಇರುತ್ತದೆ. ಇದನ್ನು ಉದ್ಘಾಟನೆ ದಿನ ಯಾರೂ ಮೈಕಿನಲ್ಲಿ ಹೇಳೋದಿಲ್ಲ.

ಆದ್ದರಿಂದ ಮತ್ತೆ ಹೇಳುತ್ತೇನೆ, ನಿಯಮ ಕೇಳಿ. ಸಾಲ ಎಷ್ಟು ದಿನದಲ್ಲಿ ಸಿಗುತ್ತದೆ? ಬರೀ ಯಂತ್ರಕ್ಕಾ, ಕಚ್ಚಾ ಮಾಲಿಗೂ ಉಂಟಾ? ತಿರಸ್ಕರಿಸಿದರೆ ಕಾರಣ ಬರೆದು ಕೊಡುತ್ತಾರಾ? ಇದಕ್ಕೆ ಉತ್ತರ ಮೊದಲಿನದ್ದೇ ಆದರೆ ಹೆಸರು ಏನಾದರೇನು.

ಮಾರುಕಟ್ಟೆ ಬಗ್ಗೆಯೂ ಹೇಳಬೇಕಿತ್ತು, ಗಾಜಿನಾಚೆಯಿಂದ ಆಗಲೇ ಕೈಸನ್ನೆ ಬಂತು. ಒಂದು ಮಾತ್ರ ಹೇಳಿಬಿಡುತ್ತೇನೆ. ಸಣ್ಣ ಉದ್ಯಮದವರು ಸರ್ಕಾರದಲ್ಲಿ ಹೆಸರು ದಾಖಲಿಸೋದಕ್ಕೆ 2020ರ ಜುಲೈಯಲ್ಲಿ ಉದ್ಯೋಗ್ ಆಧಾರ್ ಹೋಗಿ ಉದ್ಯಮ್ ನೋಂದಣಿ ಬಂತಲ್ವಾ, ಅದಕ್ಕೆ ಶುಲ್ಕ ಇಲ್ಲ. ಸರ್ಕಾರದ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಕೊಟ್ಟು ನೀವೇ ಮಾಡಬಹುದು. ಹೊಸ ಹೆಸರು, ಹೊಸ ಸರ್ಟಿಫಿಕೇಟು ಅಂತ ಯಾರಾದರೂ ಸಾವಿರ ರೂಪಾಯಿ ಕೇಳಿದರೆ ಕೊಡಬೇಡಿ. ನಮಸ್ಕಾರ.